ಬೆಳಗಾವಿ ಸ್ಟೇಶನ್ನಿನ ಸಮೀಪದಲ್ಲಿ ಒಂದು ರಾತ್ರಿಯ ವಸತಿ

ಪ್ರವಾಸಲೇಖನಗಳಲ್ಲಿ ದೇವಾಲಯಗಳ ಶಿಖರಗಳೂ ಹೊಳೆಗಳ ಉಗಮಗಳೂ ಗುಡ್ಡಗಳ ಮೇಲಿನ ಸೂರ್ಯೋದಯಗಳೂ ಯಥೇಚ್ಛವಾಗಿ ವರ್ಣಿತವಾಗಿರುತ್ತವೆ. ಆದರೆ ಆ ಲೇಖಕರು ರಾತ್ರಿ ಎಲ್ಲಿ ಮಲಗಿದರು, ಸ್ನಾನಕ್ಕೆ ಬಿಸಿನೀರು ದೊರೆಯಿತೋ ಇಲ್ಲವೋ, ಕೋಣೆಗೆ ಎಷ್ಟು ತೆತ್ತರು ಎಂಬ ಸಂಗತಿಗಳನ್ನು ಅವರಾರೂ ಬರೆಯುವದಿಲ್ಲ. ಒಬ್ಬಂಟಿಗನಾದ ತರುಣನಿಗೆ ಇದು ಕ್ಷುಲ್ಲಕವೆನಿಸಬಹುದು. ಹೆಂಡತಿ, ಮಕ್ಕಳು, ವೃದ್ಧರಾದ ತಾಯಿತಂದೆಗಳು, ನಾಲ್ಕು ಗಂಟುಮೂಟೆಗಳು, ಇಷ್ಟನ್ನೂ ಕಟ್ಟಿಕೊಂಡು ಹೊರಟ ಗೃಹಸ್ಥನಿಗೆ ಮಾತ್ರ ಪ್ರವಾಸದ ಸುಖದುಃಖಗಳಲ್ಲಿ ಅರ್ಧಪಾಲು ಈ ಒಂದು ವಿಷಯದಲ್ಲಿಯೇ ಅಡಗಿರುವದು. ಆದ್ದರಿಂದ ಈ ಸಲ ನೋಡತಕ್ಕ ಸ್ಥಳಗಳನ್ನು ಬದಿಗಿರಿಸಿ, ಇಳಿದುಕೊಳ್ಳತಕ್ಕ ಸ್ಥಳದ ವಿಷಯವಾಗಿ ಬರೆಯಬೇಕೆಂದಿದ್ದೇನೆ. ಉದಾಹರಣೆಗೆ ನಮ್ಮ ಬೆಳಗಾವಿಯನ್ನೇ ತೆಗೆದುಕೊಳ್ಳೋಣ.

ಬೆಳಗಾವಿಗೆ ವಿನೋದಕ್ಕಾಗಿ ಬರುವವರಿಗಿಂತ ಕಾರ್ಯಾರ್ಥವಾಗಿ ಬರುವವರೇ ಹೆಚ್ಚು. ಕೋರ್ಟು ಕಚೇರಿಯ ಕೆಲಸ, ವಿಶ್ವವಿದ್ಯಾಲಯಗಳಲ್ಲಿ ಮಕ್ಕಳ ಪ್ರವೇಶ, ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಹೆಣ್ಣುಗಂಡುಗಳ ಮಾತುಕತೆ, ಮದುವೆಯ ಬಟ್ಟೆಬರೆ. ಹೀಗೆ ಬಂದವನಿಗೆ ಬೇಕಾದದ್ದು ಅರಮನೆಯಲ್ಲ, ಒಂದು ರಾತ್ರಿಯ ನಿಶ್ಚಿಂತವಾದ ನಿದ್ರೆ. ಮನುವು ಒಂದು ರಾತ್ರಿ ಮಾತ್ರ ನಿಲ್ಲುವವನನ್ನೇ ಅತಿಥಿಯೆಂದು ಕರೆದಿರುವನು. ಆತನ ಇರವು ನಿತ್ಯವಲ್ಲವಾದ್ದರಿಂದ ಆ ಹೆಸರೆಂದು ಅದಕ್ಕೆ ಕಾರಣವನ್ನೂ ಕೊಟ್ಟಿರುವನು. ಇಂದಿನ ಹೋಟೆಲಿನ ದಫ್ತರದಲ್ಲಿ ಹೆಸರು ಬರೆಯಿಸುವ ಬಹುತೇಕ ಜನರಿಗೆ ಈ ಲಕ್ಷಣವು ಯಥಾರ್ಥವಾಗಿ ಒಪ್ಪುವದು; ವ್ಯತ್ಯಾಸವೆಂದರೆ ಬೆಳಿಗ್ಗೆ ಅತಿಥಿಯ ಕೈಗೆ ಬಿಲ್ಲು ಬರುವದಷ್ಟೇ.

ಆ ದಫ್ತರದ ವಿಷಯವಾಗಿಯೂ ಒಂದು ಮಾತು. ಆಧಾರ್ ಚೀಟಿಯನ್ನು ತೋರಿಸಿರೆಂದ ಕೂಡಲೆ ನಮ್ಮ ಹಿರಿಯರು ಕೆಲವರು, ತಮ್ಮನ್ನು ಕಳ್ಳರೆಂದು ತಿಳಿದರೋ ಎಂದು ಸಿಡಿಮಿಡಿಗೊಳ್ಳುವರು. ಇದು ಹೊಸ ಕಾಲದ ಅಪಮಾನವೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವಲ್ಲಿ, ಧರ್ಮಶಾಲೆಯನ್ನು ನೋಡಿಕೊಳ್ಳುವವರು ಬಂದ ಪಥಿಕರ ವಿಷಯವನ್ನು ಮೇಲಿನವರಿಗೆ ತಿಳಿಸಿಯೇ ಅವರಿಗೆ ಇಂಬು ಕೊಡತಕ್ಕದ್ದೆಂದು ವಿಧಿಸಿದೆ. ಬ್ರಿಟಿಷರು 1867ರಲ್ಲಿ ಸರಾಯಿಗಳ ಬಗ್ಗೆ ಮಾಡಿದ ಕಾಯಿದೆಯಲ್ಲಿ, ಸರಾಯಿಯ ಒಡೆಯನು ಕೋಣೆ, ಮೊಗಸಾಲೆ, ಬಾವಿಗಳನ್ನು ಶುಚಿಯಾಗಿರಿಸಬೇಕು, ಕಾವಲುಗಾರರನ್ನಿಡಬೇಕು, ದರಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂದು ಹೇಳಿತ್ತು. ಶುಚಿ, ಕಾವಲು, ದರಪಟ್ಟಿ ಎಂಬ ಈ ಮೂರನ್ನು ಇಂದಿಗೂ ಮೊದಲು ನೋಡತಕ್ಕದ್ದು. ಗೋಡೆಯ ಮೇಲಿನ ಚಿತ್ರಪಟಗಳನ್ನು ಅನಂತರ ನೋಡಬಹುದು.

ರೈಲು ಬರುವ ಮೊದಲು, ಬಂದ ಮೇಲೆಯೂ ಬಹುಕಾಲ, ಬೆಳಗಾವಿಗೆ ಬಂದ ಮಾನವಂತರು ಯಾರಾದರೊಬ್ಬರ ಮನೆಯಲ್ಲಿಯೇ ಇಳಿಯುತ್ತಿದ್ದರು. 1892ರ ಅಕ್ಟೋಬರದಲ್ಲಿ ಸ್ವಾಮಿ ವಿವೇಕಾನಂದರು ಇಲ್ಲಿಗೆ ಬಂದಾಗ ಮೊದಲು ವಕೀಲರಾದ ಭಾಟೆಯವರ ಮನೆಯಲ್ಲಿಯೂ, ತರುವಾಯ ಅರಣ್ಯಾಧಿಕಾರಿಗಳಾದ ಹರಿಪದ ಮಿತ್ರರ ಮನೆಯಲ್ಲಿಯೂ ಇದ್ದರು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನವು ಟಿಳಕವಾಡಿಯ ಬಯಲಿನಲ್ಲಿ ನೆರೆದಾಗ, ಬಂದ ಜನಸಮೂಹಕ್ಕೆ ಊರಿನ ಮನೆಗಳು ಸಾಲದೆ ‘ವಿಜಯನಗರ’ವೆಂಬ ಹೊಸ ಊರನ್ನೇ ಕಟ್ಟಬೇಕಾಯಿತು, ಅವರ ನೀರಿಗಾಗಿ ತೋಡಿದ ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಅಲ್ಲಿದೆ. ಈಗ ಬಂಧುಗಳ ಮನೆಗಳೆಲ್ಲ ಎರಡು ಕೋಣೆಯ ಫ್ಲ್ಯಾಟುಗಳಾಗಿವೆ. ನಾಲ್ಕು ಜನರು ರಾತ್ರಿ ಹನ್ನೊಂದಕ್ಕೆ ಹೋಗಿ ಬಾಗಿಲು ತಟ್ಟಿದರೆ ಆ ಮನೆಯ ಗೃಹಿಣಿಗೆ ಆಗುವ ಸಂಕಟವನ್ನು ಬಲ್ಲವರು ಹೋಟೆಲನ್ನೇ ಹುಡುಕುವರು. ಇದರಲ್ಲಿ ಸ್ನೇಹಕ್ಕೆ ಕೊರತೆಯೇನೂ ಇಲ್ಲ.

ರಾತ್ರಿ ಹನ್ನೊಂದೆಂದು ಬರೆದದ್ದು ಸುಮ್ಮನೆ ಅಲ್ಲ. 2023ರ ಫೆಬ್ರುವರಿ 27ರಂದು ಬೆಳಗಾವಿ ಸ್ಟೇಶನ್ನಿನ ಹೊಸ ಕಟ್ಟಡವು ಉದ್ಘಾಟಿತವಾಯಿತು. 2025ರ ಆಗಸ್ಟ್ 10ರಂದು ಬೆಂಗಳೂರು–ಬೆಳಗಾವಿ ವಂದೇ ಭಾರತ ಗಾಡಿಯು ಆರಂಭವಾಯಿತು. ಅದು ಬೆಳಗಾವಿಯಿಂದ ಬೆಳಗು ಹರಿಯುವ ಮೊದಲೇ ಹೊರಡುವದು; ಬೆಂಗಳೂರಿನಿಂದ ತಿರುಗಿ ಬರುವಾಗ ರಾತ್ರಿ ಹತ್ತೂವರೆ ಮೀರಿರುವದು. ಮೊದಲಿನ ರಾತ್ರಿಗಾಡಿಗಳು ಮುಂಜಾನೆ ತಂದಿಳಿಸುತ್ತಿದ್ದವು, ಹಗಲು ಕೈಯಲ್ಲಿರುತ್ತಿತ್ತು. ಈ ಹೊಸ ಗಾಡಿಯು ವೇಗದಿಂದ ತಂದು ಕತ್ತಲೆಯಲ್ಲಿ ಬಿಡುತ್ತದೆ. ಖಾನಾಪುರದಲ್ಲಿ ಅದು ನಿಲ್ಲುವದೂ ಇಲ್ಲ. ಆ ಊರಿನ ದೀಪಗಳನ್ನು ಕಿಟಕಿಯಿಂದ ನೋಡುತ್ತ ಖಾನಾಪುರದವನು ಬೆಳಗಾವಿಯವರೆಗೆ ಬಂದು ಇಳಿಯಬೇಕು.

ನನಗೆ ಚೆನ್ನಾಗಿ ಪರಿಚಿತರಾದ ವೃದ್ಧ ದಂಪತಿಗಳಿಬ್ಬರು ಖಾನಾಪುರದ ಆಚೆ ಕಾಡಿನಂಚಿನ ಒಂದು ಹಳ್ಳಿಯವರು. ಬೆಂಗಳೂರಿನಲ್ಲಿ ಮಗನ ಮನೆಗೆ ಹೋಗಿದ್ದವರು ಈ ಗಾಡಿಯಿಂದ ತಿರುಗಿ ಬಂದರು. ಮರುದಿನ ಬೆಳಿಗ್ಗೆ ಎಂಟಕ್ಕೆ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಆ ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಅಷ್ಟು ಹೊತ್ತಿನಲ್ಲಿ ಹಳ್ಳಿಗೆ ಹೋಗುವ ಮಾತೇ ಇಲ್ಲ. ಸ್ಟೇಶನ್ನಿನ ಹತ್ತಿರದ ಒಂದು ಲಾಜಿಗೆ ಹೋದರು. ಮೇಜಿನ ಹಿಂದಿನ ಹುಡುಗನು ಚೀಟಿಯನ್ನು ನೋಡಿ, “ಅಜ್ಜಾರ, ನೀವು ಇದೇ ಜಿಲ್ಲಾದವರು. ಲೋಕಲ್ ಮಂದಿಗೆ ಖೋಲಿ ಕೊಡಂಗಿಲ್ರೀ” ಎಂದನು. “ನಮ್ಮ ಊರು ಇಲ್ಲಿಂದ ಎಷ್ಟು ದೂರ ಐತಿ ಗೊತ್ತೇನೋ ತಮ್ಮಾ?” ಎಂದು ಅವರು ಕೇಳಿದರು. “ಮಾಲಕರ ಹುಕುಂ ರೀ” ಎಂಬ ಉತ್ತರ ಬಂತು. ಎರಡನೆಯ ಕಡೆಯಲ್ಲಿಯೂ ಅದೇ ಉತ್ತರ. ದಂಪತಿಗಳು ಸ್ಟೇಶನ್ನಿಗೆ ಮರಳಿ, ಬೆಂಚಿನ ಮೇಲೆ ಕುಳಿತು ರಾತ್ರಿಯನ್ನು ಕಳೆದರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ನೋಡಿದರೆ ಆ ತಾಯಿಯ ರಕ್ತದೊತ್ತಡ ಏರಿತ್ತು. ಶಸ್ತ್ರಚಿಕಿತ್ಸೆಯನ್ನು ಎಂಟು ದಿನ ಮುಂದಕ್ಕೆ ಹಾಕಿದರು.

ಸ್ಥಳೀಯರಿಗೆ ಕೋಣೆಯಿಲ್ಲವೆಂಬುದು ಕಾನೂನಿನ ಮಾತಲ್ಲ; ಕೆಲವು ವಸತಿಗೃಹದವರು ಪೋಲೀಸರ ಗೊಡವೆಗೆ ಅಂಜಿ ತಾವಾಗಿಯೇ ಮಾಡಿಕೊಂಡ ನಿಯಮವಿದು. ಅವರ ಅಂಜಿಕೆಗೆ ಕಾರಣವಿರಬಹುದು. ಆದರೂ ಎಪ್ಪತ್ತು ದಾಟಿದ ಗಂಡಹೆಂಡಿರನ್ನು, ಆಸ್ಪತ್ರೆಯ ಕಾಗದವು ಕೈಯಲ್ಲಿರುವಾಗ, ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವ ನಿಯಮವನ್ನು ನಾನು ಒಪ್ಪಲಾರೆ. ದೂರದ ಮುಂಬಯಿಯವನಿಗೆ ತೆರೆಯುವ ಬಾಗಿಲು ಸ್ವಂತ ಜಿಲ್ಲೆಯ ರೈತನಿಗೆ ಮುಚ್ಚುವದೆಂದರೆ ಇದಾವ ನ್ಯಾಯ! ಎಂಟು ದಿನಗಳ ಮೇಲೆ ಅವರು ತಿರುಗಿ ಬರುವಾಗ ನಾನು ಮೊದಲೇ ಮೂರು ಕಡೆಗೆ ಫೋನು ಮಾಡಿ, ಊರು ಇಂಥದು, ವಯಸ್ಸು ಇಷ್ಟು, ಬರುವ ಕಾರಣ ಇದು ಎಂದು ಸ್ಪಷ್ಟವಾಗಿ ತಿಳಿಸಿದೆನು. ಇಬ್ಬರು ಇಲ್ಲವೆಂದರು. ಮೂರನೆಯವರು, “ಕರಕೊಂಡ ಬರ್ರಿ, ಕೆಳಗಿನ ಖೋಲಿ ಇಡತೇವಿ” ಎಂದರು, ಹಾಗೆಯೇ ನಡೆದುಕೊಂಡರು. ಆದ್ದರಿಂದ ಜಿಲ್ಲೆಯೊಳಗಿನ ವಾಚಕರು ಕೋಣೆಯನ್ನು ಗೊತ್ತುಮಾಡುವಾಗ ದರಕ್ಕಿಂತ ಮೊದಲು ಈ ಪ್ರಶ್ನೆಯನ್ನೇ ಕೇಳತಕ್ಕದ್ದು. ಮೊಬೈಲಿನಲ್ಲಿ ಹಣ ಕಟ್ಟಿ ಕೋಣೆ ಹಿಡಿದವರೂ ಹೋಟೆಲಿಗೆ ನೇರವಾಗಿ ಒಮ್ಮೆ ಫೋನು ಮಾಡುವದು ಮೇಲು.

ಎರಡನೆಯ ಪ್ರಶ್ನೆಯು ಕಾಲದ್ದು. ಕೆಲವೆಡೆ ದಿನವೆಂದರೆ ನೀವು ಕಾಲಿಟ್ಟ ಗಳಿಗೆಯಿಂದ 24 ತಾಸು. ಕೆಲವೆಡೆ ಮಧ್ಯಾಹ್ನ 12ರಿಂದ ಮಧ್ಯಾಹ್ನ 12. ರಾತ್ರಿಗಾಡಿಯಿಂದ ಬೆಳಿಗ್ಗೆ ಏಳಕ್ಕೆ ಇಳಿದವನು ಎರಡನೆಯ ಪದ್ಧತಿಯ ಹೋಟೆಲಿಗೆ ಹೋದರೆ, ಐದು ತಾಸಿಗೇ ಒಂದು ದಿನದ ಹಣವನ್ನು ತೆತ್ತು, ಅಂದಿನ ರಾತ್ರಿಗೆ ಇನ್ನೊಂದು ದಿನದ್ದನ್ನು ತೆರಬೇಕಾದೀತು. ಅವನಿಗೆ 24 ತಾಸಿನ ಮನೆಯೇ ಯೋಗ್ಯ. ರಾತ್ರಿ ಹನ್ನೊಂದಕ್ಕೆ ಬಂದು ಮುಂಜಾನೆ ಹೊರಡುವವನಿಗೆ ಎರಡೂ ಒಂದೇ. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಕೇಳಿಕೊಳ್ಳಬೇಕು; ದಿನಕ್ಕೆ 7500 ರೂಪಾಯಿಗಳವರೆಗಿನ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ರಷ್ಟು ತೆರಿಗೆಯಿದೆ. ಡಿಸೆಂಬರದಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನವಿದ್ದಾಗ ಮಾತ್ರ ಈ ಪ್ರಶ್ನೆಗಳಾವವೂ ನಡೆಯವು. ಶಾಸಕರು, ಅಧಿಕಾರಿಗಳು, ಅವರ ಪರಿವಾರದವರು, ಬೇಡಿಕೆಗಳನ್ನು ಹೊತ್ತು ಬಂದವರು, ಇವರೆಲ್ಲರಿಂದ ಊರು ತುಂಬಿರುತ್ತದೆ. ಆ ಹತ್ತು ದಿನ ಮದುವೆಯ ಬಟ್ಟೆಗೆಂದು ಬರದಿರುವದೇ ಲೇಸು.

ಇನ್ನು ಸ್ಥಳ. ರೈಲ್ವೆ ಸ್ಟೇಶನ್ನು ಕ್ಯಾಂಪು ಮತ್ತು ಟಿಳಕವಾಡಿಗಳ ಮಗ್ಗುಲಲ್ಲಿದೆ. ಮುಖ್ಯ ಬಸ್ ನಿಲ್ದಾಣವು ಉತ್ತರದಲ್ಲಿ ಕೋಟೆಯ ಹತ್ತಿರ. ಇವೆರಡೂ ಒಂದೇ ಕಡೆಯಲ್ಲಿರುವವೆಂದು ತಿಳಿದ ಪರಸ್ಥಳದವರು, ಒಂದರ ಸಮೀಪದಲ್ಲಿ ಕೋಣೆ ಹಿಡಿದು ಇನ್ನೊಂದಕ್ಕೆ ನಡೆದು ಹೋಗಲು ಹೊರಟು ಬೆವರುವರು. ರೈಲಿನಿಂದ ಬಂದು ರೈಲಿನಿಂದಲೇ ಹೋಗುವವರು ಸ್ಟೇಶನ್ ರಸ್ತೆ ಅಥವಾ ಟಿಳಕವಾಡಿಯ ಸುತ್ತಿನಲ್ಲಿ ಇಳಿಯತಕ್ಕದ್ದು. ಖಡೇಬಜಾರ, ಗಣಪತ ಗಲ್ಲಿಗಳ ಕಡೆಗೆ ಹೋದರೆ ಅಂಗಡಿಗಳೂ ಕುಂದಾ ಮಾರುವವರೂ ಸಮೀಪ, ನಿದ್ರೆ ದೂರ. ಗೋವಾವೇಸ್ ಎಂಬ ವೃತ್ತದ ಹೆಸರು ಹೊಸಬರಿಗೆ ವಿಚಿತ್ರವೆನಿಸುವದು. ವೇಸ್ ಎಂದರೆ ಮರಾಠಿಯಲ್ಲಿ ಅಗಸೆ, ಗೋವೆಯ ಕಡೆಯ ಅಗಸೆಯೆಂದರ್ಥ. ಟಿಳಕವಾಡಿಯಲ್ಲಿ ದಾರಿ ಕೇಳಿದರೆ ಮೊದಲನೆಯ ಗೇಟು, ಎರಡನೆಯ ಗೇಟು, ಮೂರನೆಯ ಗೇಟು ಎಂದು ರೈಲುದಾಟುಗಳ ಲೆಕ್ಕದಿಂದ ಹೇಳುವರು. ಗೇಟು ಮುಚ್ಚಿದಾಗ ಆಟೋರಿಕ್ಷಾದಲ್ಲಿ ಕುಳಿತವನಿಗೆ ತನ್ನ ಗಾಡಿಯೇ ಮುಂದಿನಿಂದ ಹೋಗುತ್ತಿರುವದೋ ಎಂದು ಎದೆ ಹಾರುವದುಂಟು. ಬೆಳಗಿನ ಗಾಡಿಯವರು ಹಳಿಗಳ ಈಚೆಗೆ, ಸ್ಟೇಶನ್ನಿನ ಮಗ್ಗುಲಿಗೇ ಇರುವದು ಕ್ಷೇಮ.

ಜಪಾನದವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ ಹೋಗಿರುವರು. ಅವರ ಭಾಷೆಯಲ್ಲಿ ಸ್ಟೇಶನ್ನಿಗೆ ‘ಎಕಿ’ ಎಂದು ಹೆಸರು. ಹಿಂದಿನ ಕಾಲದಲ್ಲಿ ರಾಜದೂತರು ಕುದುರೆ ಬದಲಿಸುತ್ತಿದ್ದ ಠಾಣೆಗೆ ಅದೇ ಹೆಸರಿದ್ದು, ಆ ಅಕ್ಷರದಲ್ಲಿ ಇಂದಿಗೂ ಕುದುರೆಯ ಚಿಹ್ನೆಯಿದೆ. ಸ್ಟೇಶನ್ನಿನ ಮುಂದಿನ ಪ್ರದೇಶವನ್ನು ‘ಎಕಿಮಾಯೆ’ ಎನ್ನುವರು. ಅಲ್ಲಿ ಸಾಲುಸಾಲಾಗಿ ಚಿಕ್ಕ ಕೋಣೆಗಳ ಹೋಟೆಲುಗಳಿರುತ್ತವೆ. 1914ರಲ್ಲಿ ತೆರೆದ ಟೋಕಿಯೋ ಸ್ಟೇಶನ್ನಿನ ಕೆಂಪು ಇಟ್ಟಿಗೆಯ ಕಟ್ಟಡದೊಳಗೇ ಮರುವರ್ಷ ಒಂದು ಹೋಟೆಲು ಪ್ರಾರಂಭವಾಗಿ, ಜೀರ್ಣೋದ್ಧಾರವಾದ ಮೇಲೆ 2012ರಿಂದ ಪುನಃ ನಡೆಯುತ್ತಿದೆ. ನಮ್ಮಲ್ಲಿ ಅದಕ್ಕೆ ಸಮೀಪವಾದದ್ದು ರೈಲ್ವೆಯವರ ವಿಶ್ರಾಂತಿ ಕೋಣೆಗಳು. ಅವು ಇರುವ ಸ್ಟೇಶನ್ನುಗಳಲ್ಲಿ ಖಚಿತವಾದ ಟಿಕೇಟುಳ್ಳವರು ಮುಂಚಿತವಾಗಿ ಕಾದಿರಿಸಬಹುದು. ಕೋಣೆಗಳು ಕೆಲವೇ, ಕೇಳುವವರು ಬಹಳ.

ಕೋಣೆಯನ್ನು ನೋಡದೆ ಹಣ ಕೊಡಬಾರದು. ಬೆಳಗಾವಿಯ ಮಳೆಗಾಲವು ಕಠಿಣವಾದದ್ದು. ಬಿಸಿಲು ಕಾಣದ ಕೋಣೆಯಲ್ಲಿ ಹಾಸಿಗೆಯು ತಂಪಾಗಿ ಬೂಸಲು ನಾತ ಹೊಡೆಯುವದು. ದಿಂಬನ್ನು ಮೂಗಿನ ಹತ್ತಿರ ಹಿಡಿದು ನೋಡಿದರೆ ಹುಡುಗನು ನಕ್ಕಾನು, ನಗಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಿಟಕಿಯು ಹೊರಗಡೆ ತೆರೆಯುವ ಮೇಲಂತಸ್ತಿನ ಕೋಣೆಯೇ ಒಳ್ಳೆಯದು. ಆದರೆ ಮೊಣಕಾಲು ನೋವಿನವರು ಜೊತೆಯಲ್ಲಿದ್ದು ಲಿಫ್ಟು ಇಲ್ಲದಿದ್ದರೆ ಕೆಳಗಿನದನ್ನೇ ಹಿಡಿದು ಒಂದು ಹೊದಿಕೆಯನ್ನು ಹೆಚ್ಚು ಕೇಳತಕ್ಕದ್ದು. ಶೌಚಕೂಪವು ಯಾವ ತರಹದ್ದೆಂದು ವೃದ್ಧರಿಗಾಗಿ ಮೊದಲೇ ನೋಡಬೇಕು. ಬಿಸಿನೀರು ‘ಯಾವಾಗಲೂ’ ಎಂದರೆ ನಂಬದೆ, ಮುಂಜಾನೆ ನಾಲ್ಕಕ್ಕೆ ಬರುವದೋ ಎಂದು ಕೇಳಬೇಕು. ಒಬ್ಬಳೇ ಬಂದ ಹೆಣ್ಣುಮಗಳು ಕೋಣೆಯ ಬಾಗಿಲಿನ ಒಳಚಿಲಕವನ್ನು ತಾನೇ ಹಾಕಿ ತೆಗೆದು ನೋಡಿಕೊಳ್ಳಲಿ. ರಾತ್ರಿ ಮೇಜಿನ ಹತ್ತಿರ ಯಾರಿರುವರೆಂದು ಕೇಳಲು ಸಂಕೋಚಪಡದಿರಲಿ. ಊಟವು ಹೋಟೆಲಿನಲ್ಲಿಯೇ ಆಗಬೇಕೆಂಬ ಹಟ ಬೇಡ. ರೊಟ್ಟಿಯ ಖಾನಾವಳಿಯೊಂದು ಸಮೀಪದಲ್ಲಿದ್ದರೆ ಅದೇ ಸಾಕು.

ಹಾಗಾದರೆ ಖಾನಾಪುರದಲ್ಲಿಯೇ ಉಳಿಯಬಾರದೇ ಎಂದು ಕೇಳುವವರಿದ್ದಾರೆ. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರಿನ ಮೇಲೆ, ಮಲಪ್ರಭೆಯ ದಂಡೆಯ ಮೇಲಿರುವ ಈ ಊರು ಹೆಂಚು, ಮಡಕೆಗಳಿಗೆ ಪ್ರಸಿದ್ಧವಾದದ್ದು. ಇಲ್ಲಿಂದ ಹದಿನಾಲ್ಕು ಕಿಲೋಮೀಟರಿನ ಆಸುಪಾಸಿನಲ್ಲಿ ಹಲಸಿ. ಕದಂಬರ ತಾಮ್ರಶಾಸನಗಳ ಪಲಾಶಿಕೆಯೇ ಅದು. ಮೃಗೇಶವರ್ಮನು ತಂದೆಯ ನೆನಪಿಗಾಗಿ ಜಿನಾಲಯವನ್ನು ಕಟ್ಟಿಸಿದ್ದು ಅಲ್ಲಿಯೇ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ. ಪಶ್ಚಿಮದ ಕಣಕುಂಬಿಯಲ್ಲಿ ಮಲಪ್ರಭೆಯ ಉಗಮ. ಭೀಮಗಡದ ಅರಣ್ಯವು 2011ರಿಂದ ವನ್ಯಜೀವಿಧಾಮ. ಇಷ್ಟೆಲ್ಲ ಸುತ್ತಲಿದ್ದರೂ ಕುಟುಂಬಸಮೇತರಾಗಿ ಇಳಿಯಲು ಖಾನಾಪುರದಲ್ಲಿ ಆಯ್ಕೆಯು ಅಲ್ಪ. ಹಲಸಿ, ನಂದಗಡಗಳನ್ನು ನೋಡುವವರು ಗಂಟುಗಳನ್ನು ಬೆಳಗಾವಿಯ ಕೋಣೆಯಲ್ಲಿಯೇ ಬಿಟ್ಟು, ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗುವದು ಸುಲಭ. ಕಾಡನ್ನೇ ನೋಡಬೇಕೆಂಬವರು ಅರಣ್ಯ ಇಲಾಖೆಯವರ ಅಪ್ಪಣೆಯನ್ನು ಮೊದಲೇ ಪಡೆದು ಹೋಗತಕ್ಕದ್ದು. ಮಳೆಗಾಲದಲ್ಲಿ ಅಲ್ಲಿ ಜಿಗಳೆಗಳ ಆತಿಥ್ಯವು ಬೇಡವೆಂದರೂ ಬಿಡದು.

ಮೇಲೆ ಹೇಳಿದ ಅಜ್ಜನವರು ಶಸ್ತ್ರಚಿಕಿತ್ಸೆಯಾದ ಮರುದಿನ ಪತ್ನಿಯೊಡನೆ ಆ ಕೆಳಗಿನ ಖೋಲಿಯಲ್ಲಿಯೇ ಇನ್ನೊಂದು ರಾತ್ರಿಯನ್ನು ಕಳೆದು, ಹಗಲಿನ ಪ್ಯಾಸೆಂಜರ್ ಗಾಡಿಯಿಂದ ಖಾನಾಪುರಕ್ಕೆ ಹೋಗಿ ಇಳಿದರು. ಮುಂದಿನ ತಿಂಗಳು ತಪಾಸಣೆಗೆ ಬರುವಾಗ ಅದೇ ಖೋಲಿಯನ್ನು ಇಡುವದಾಗಿ ಮಾಲಕರು ಹೇಳಿರುವರಂತೆ.