ತಳವಾರಘಟ್ಟದ ಪಾಠ

ಕಮಲಾಪುರದಿಂದ ಉತ್ತರಕ್ಕೆ ಹೊರಟ ದಾರಿ ಬಾಳೆತೋಟ, ಬಂಡೆಗುಡ್ಡಗಳ ನಡುವೆ ಸಾಗಿ ತಳವಾರಘಟ್ಟದ ಹೆಬ್ಬಾಗಿಲಿಗೆ ಬರುತ್ತದೆ. ವಿಜಯನಗರದ ಕೋಟೆಗೋಡೆಯ ಈ ಬಾಗಿಲು ದಾಟಿದರೆ ತುಂಗಭದ್ರೆ. ಆಚೆ ದಡದಲ್ಲಿ, ರಾಜಧಾನಿಗಿಂತಲೂ ಹಳೆಯ ಊರು ಆನೆಗುಂದಿ.

ಇಲ್ಲಿ ಹೊಳೆ ದಾಟುವ ಚಿಂತೆ ಇಂದು ನಿನ್ನೆಯದಲ್ಲ. ಪುರಂದರ ಮಂಟಪದ ಬಳಿ ನೀರಿನಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ವಿಜಯನಗರ ಕಾಲದ ಸೇತುವೆಯ ಅವಶೇಷ. ಸೇತುವೆ ಹೋಯಿತು, ಹರಿಗೋಲು ಉಳಿಯಿತು. ಹೊಳೆ ತುಂಬಿದರೆ ಹರಿಗೋಲೂ ನಿಲ್ಲುತ್ತಿತ್ತು. ಆಗ ಎದುರಿಗೇ ಕಾಣುವ ಊರಿಗೆ ಊರೂರು ಸುತ್ತಿ ಹೋಗಬೇಕು.

ಹಾಗಾಗಿ 1990ರ ದಶಕದಲ್ಲಿ ತಳವಾರಘಟ್ಟದಲ್ಲಿ ಹೊಸ ಸೇತುವೆ ಏಳತೊಡಗಿದ್ದು ಜನರಿಗೆ ಬೇಕಾಗಿದ್ದ ಕೆಲಸವೇ. ಆದರೆ ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. ಸೇತುವೆಯ ಹಿಂದೆ ಲಾರಿಗಳು ಬಂದರೆ ಹಳೆಯ ಬಾಗಿಲು, ಮಂಟಪಗಳ ಗತಿ ಏನು? ಕಾಂಕ್ರೀಟು, ಉಕ್ಕಿನ ಹಗ್ಗಗಳ ನಡುವೆ ಈ ಕಣಿವೆಯ ನೋಟ ಉಳಿದೀತೆ? ಇಂಥ ಪ್ರಶ್ನೆಗಳು ಜೋರಾಗಿ ಎದ್ದದ್ದು ಕಂಬಗಳು ಎದ್ದ ಮೇಲೆ!

ಇದೂ ವಿರೂಪಾಪುರ ಗಡ್ಡೆಯ ಕಾಲುಸೇತುವೆಯೂ ಸೇರಿ, 1999ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು. ಅದರಿಂದ ಹೊರಬಂದದ್ದು 2006ರಲ್ಲಿ. ನಿಂತಿದ್ದ ಕೆಲಸ ಮತ್ತೆ ಶುರುವಾಗಿ, ಮುಗಿಯುವ ಮೊದಲೇ 2009ರ ಜನವರಿ 22ರಂದು ಸೇತುವೆ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಬಳಿಕ ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ ಬೇರೊಂದು ಸೇತುವೆ ಬಂತು. ಜಾಗ ಆರಿಸುವ ಮೊದಲೇ ಸ್ಮಾರಕಗಳ ವಿವರ ಮೇಜಿನ ಮೇಲಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು!

ಈಗ ಕಾನೂನು ಬಿಗಿಯಾಗಿದೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ. ಅಲ್ಲಿ ಹೊಸ ಕಟ್ಟಡವಿಲ್ಲ, ಇರುವುದರ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರು ನಿಯಂತ್ರಿತ. ಅರ್ಜಿಯನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಪರಿಶೀಲಿಸುತ್ತದೆ. ಹಂಪಿಗೆಂದೇ 2002ರ ಪ್ರತ್ಯೇಕ ಕಾಯ್ದೆಯೂ ಅದರಡಿ ಒಂದು ಪ್ರಾಧಿಕಾರವೂ ಇವೆ.

ಅರ್ಜಿ ಎಂದರೆ ಬರೀ ಹೊಸ ಮನೆಯ ನಕ್ಷೆಯಲ್ಲ. ಆನೆಗುಂದಿಯಂಥ ಊರಿನ ಹಳೆಯ ಮಾಳಿಗೆ ಮನೆಯನ್ನೇ ನೋಡಿ. ಗೋಡೆ ಕಲ್ಲಿನದೋ ಮಣ್ಣಿನದೋ, ಜಂತೆ ಯಾವ ಮರದ್ದು, ಪಡಸಾಲೆಯ ಕಂಬ ಮೂಲದ್ದೋ ಆಮೇಲೆ ಸೇರಿಸಿದ್ದೋ ಎಂದು ಮೊದಲು ಬರೆದಿಡಬೇಕು. ನಾಲ್ಕೂ ಕಡೆಯ ಫೋಟೊ, ಈಗಿರುವ ಮನೆಯ ಅಳತೆ, ಸ್ಮಾರಕದಿಂದ ದೂರ ಬೇಕು. ಅಡಿಪಾಯ ತೋಡುವ ಕಡೆ ಹಳೆಯ ಕಟ್ಟಡದ ಕುರುಹು ಇದೆಯೇ ನೋಡಬೇಕು. ಮನೆಯ ಹಿರಿಯರನ್ನು ಕೇಳಬೇಕು. ಯಾವ ಗೋಡೆ ಯಾವ ಮಳೆಗಾಲದಲ್ಲಿ ಬಿತ್ತು ಎಂಬುದು ಅವರಿಗೇ ಗೊತ್ತು. ಕೊನೆಗೆ, ಈ ಮನೆಯಲ್ಲಿ ಬೆಲೆಯುಳ್ಳದ್ದು ಯಾವುದು, ಹೊಸ ಕೆಲಸದಿಂದ ಅದಕ್ಕೇನಾಗುತ್ತದೆ, ಹಾನಿ ತಪ್ಪಿಸುವ ದಾರಿ ಏನು ಎಂದು ನೇರವಾಗಿ ಹೇಳಬೇಕು.

ಇದರಿಂದ ಮನೆಯವರಿಗೂ ಲಾಭವಿದೆ. ಸೋರುವ ಮೇಲ್ಮುದ್ದೆಯನ್ನಷ್ಟೇ ಬದಲಿಸಿದರೆ ಸಾಕೆಂದು ಕಾಗದದ ಮೇಲೆ ಕಂಡರೆ, ಗಟ್ಟಿಯಾದ ಗೋಡೆ ಕೆಡವುವ ಖರ್ಚು ಉಳಿಯುತ್ತದೆ. ಆದರೆ ಇಂಥ ಕಡತ ಸಿದ್ಧಪಡಿಸಲು ಎಲ್ಲರಿಗೂ ಆಗುವುದಿಲ್ಲ. ಅಳೆಯುವವರನ್ನು ಕರೆತರುವ ಹೊರೆಯನ್ನು ಸೂರು ಸೋರುವ ಬಡವನ ಮೇಲೆ ಬಿಟ್ಟರೆ ಆತ ರಾತ್ರೋರಾತ್ರಿ ತಗಡು ಹೊದಿಸುತ್ತಾನೆ. ಊರಿನ ಹಳೆಯ ಮನೆಗಳ ವಿವರವನ್ನು ಸರಕಾರವೇ ಒಮ್ಮೆ ದಾಖಲಿಸಿ ಪಂಚಾಯಿತಿಯಲ್ಲಿ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಹಂಪಿಗೆ ಹೋದವರು ಕಲ್ಲಿನ ರಥ ನೋಡಿ ಹಿಂದಿರುಗುತ್ತಾರೆ. ಸಮಯವಿದ್ದರೆ ತಳವಾರಘಟ್ಟಕ್ಕೂ ಹೋಗಿ. ನದಿ ದಾಟುವವನ ಅವಸರ, ಕಲ್ಲಿನ ಬಾಗಿಲ ವಯಸ್ಸು ಎರಡೂ ನಿಜವೆಂಬುದು ಆ ದಡದಲ್ಲಿ ತಿಳಿಯುತ್ತದೆ.