ಹಕ್ಕಿಗಿಷ್ಟು ಬರಿನೆಲ

ಫೆಬ್ರವರಿಯ ಹೊತ್ತಿಗೆ ಕಾಸರಗೋಡಿನ ನಮ್ಮ ಕಡೆ ಅಂಗಳವೆಲ್ಲ ಅಡಿಕೆಯ ಪಾಲು. ಹರವಿದ ಅಡಿಕೆಯ ಆಚೆ, ಅಂಚಿನಲ್ಲಿ ಉಳಿಯುವ ಪುಡಿಮಣ್ಣು ಹರಟೆಮಲ್ಲಗಳದ್ದು. ಬಿಸಿಲೇರುತ್ತಿದ್ದಂತೆ ಕಲಕಲ ಎನ್ನುತ್ತ ಗುಂಪಾಗಿ ಇಳಿಯುತ್ತವೆ. ಮೊನ್ನೆ ಅವುಗಳಲ್ಲೊಂದು ಮಗ್ಗುಲಿಗೆ ವಾಲಿ, ರೆಕ್ಕೆ ಹರಡಿ, ಬೆನ್ನಿನ ಗರಿ ಕೆದರಿ, ಕೊಕ್ಕು ತೆರೆದು ನೆಲಕ್ಕೊರಗಿತ್ತು. ಪಕ್ಕದ ಮನೆಯ ಹುಡುಗಿ ಓಡಿ ಬಂದಳು: “ದೊಡ್ಡಮ್ಮಾ, ಹಕ್ಕಿ ಸಾಯ್ತಾ ಉಂಟು, ನೀರು ತರ್ಲಾ?” ನಾವು ಹತ್ತಿರ ಹೋದದ್ದೇ ತಡ, ಹಕ್ಕಿ ಮೈಕೊಡವಿ ಮುರಕಲ್ಲಿನ ಪಾಗಾರದ ಮೇಲೆ ಹೋಗಿ ಕೂತಿತು.

ಅದು ಬಿಸಿಲು ಕಾಯಿಸುತ್ತಿತ್ತು. ಕಾವು ತಾಗಿದರೆ ಗರಿಯೊಳಗಿನ ಹೇನುಗಳಿಗೆ ಉಳಿಗಾಲವಿಲ್ಲ. ಮಣ್ಣಿನಲ್ಲಿ ಹೊರಳುವುದಕ್ಕೂ ಕಾರಣವುಂಟು: ಪುಡಿಮಣ್ಣು ಗರಿಯ ಜಿಡ್ಡನ್ನು ಹೀರಿಕೊಳ್ಳುತ್ತದೆ.

ಇವೆರಡಕ್ಕಿಂತ ಸೋಜಿಗದ್ದು ಇರುವೆಯ ಸ್ನಾನ. ಹಕ್ಕಿ ಇರುವೆಯೊಂದನ್ನು ಕೊಕ್ಕಿನ ತುದಿಯಲ್ಲಿ ಹಿಡಿದು ರೆಕ್ಕೆಯ ಅಡಿಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತದೆ. ಬಾಲವನ್ನು ಕಾಲುಗಳ ನಡುವೆ ಎಳೆದುಕೊಂಡು, ಅದನ್ನೇ ತುಳಿದು ಉರುಳುವುದೂ ಉಂಟು. ಇರುವೆ ಚಿಮ್ಮಿಸುವ ಫಾರ್ಮಿಕ್ ಆಮ್ಲ ಗರಿಗೆ ತಾಗುತ್ತದೆ. ಈ ವರ್ತನೆಗೆ 1935ರಲ್ಲಿ ಹೆಸರಿಟ್ಟವರು ಜರ್ಮನಿಯ ಪಕ್ಷಿಶಾಸ್ತ್ರಜ್ಞ ಎರ್ವಿನ್ ಸ್ಟ್ರೆಸೆಮಾನ್. ಬರ್ಲಿನ್‌ನಲ್ಲಿ ಅವರ ಬಳಿ ಕಲಿತ ಸಲೀಂ ಅಲಿ ಮರುವರ್ಷ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕೇಳಿದರು: ಹಕ್ಕಿಗಳು ಮೈಹುಳ ಕಳೆಯಲು ಇರುವೆಗಳನ್ನು ಬಳಸುತ್ತವೆಯೇ? 2008ರಲ್ಲಿ ಅಮೆರಿಕದ ಬ್ಲೂ ಜೇ ಹಕ್ಕಿಗಳ ಮೇಲೆ ನಡೆದ ಅಧ್ಯಯನ ಬೇರೆಯದೇ ಉತ್ತರ ಕೊಟ್ಟಿತು. ಆಮ್ಲದ ಚೀಲ ತೆಗೆದ ಇರುವೆಗಳನ್ನು ಅವು ಒರೆಸದೆ ತಿಂದವು. ಚೀಲ ಇದ್ದವನ್ನು ಗರಿಗೆ ಒರೆಸಿ, ಆಮ್ಲ ಖಾಲಿ ಮಾಡಿ ತಿಂದವು. ಮದ್ದೋ ಊಟದ ತಯಾರಿಯೋ, ವಿಜ್ಞಾನಿಗಳ ಚರ್ಚೆ ಮುಗಿದಿಲ್ಲ.

ಏನೇ ಇರಲಿ, ಇದಕ್ಕೆಲ್ಲ ಹಕ್ಕಿಗೆ ಬರಿನೆಲ ಬೇಕು, ಇರುವೆ ಬೇಕು. ನಮ್ಮ ಅಂಗಳಗಳಿಗೆ ಈಗ ಇಂಟರ್‌ಲಾಕ್ ಬಂದಿದೆ. ಸಂದಿಯಲ್ಲಿ ಇರುವೆ ಕಂಡರೆ ಪುಡಿ ಸುರಿಯುತ್ತೇವೆ. ಗೇರುತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ನೆಲಕ್ಕೆ ಬಿದ್ದ ವಿಷ ನೆಲದಲ್ಲೇ ಉಳಿಯುವುದಿಲ್ಲ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಅಂಗಳದ ಒಂದು ಮೂಲೆಯಲ್ಲಾದರೂ ಮಣ್ಣನ್ನು ಮಣ್ಣಾಗಿಯೇ ಬಿಡಿ. ಅಲ್ಲಿ ರೆಕ್ಕೆ ಹರಡಿ ಬಿದ್ದ ಹಕ್ಕಿ ಕಂಡರೆ ಎತ್ತಲು ಹೋಗಬೇಡಿ, ದೂರ ನಿಂತು ನೋಡಿ. ಬೆಕ್ಕು ಇದ್ದರೆ ಅದನ್ನು ಒಳಗೆ ಹಾಕಿ.