ಗಡಿಯಾಚೆ ಸೇರಿದ ಹುಟ್ಟೂರು

ವಿಯೆನ್ನಾದ ದಕ್ಷಿಣಕ್ಕೆ, ಹಂಗೇರಿಯ ಗಡಿಗೆ ಅನತಿದೂರದಲ್ಲಿ, ಆಸ್ಟ್ರಿಯಾದ ರೈಡಿಂಗ್ ಎಂಬ ಹಳ್ಳಿಯಿದೆ. ಯಾತ್ರಿಕರು ಅಲ್ಲಿಗೆ ಬರುವುದು ಒಂದು ಮನೆಯನ್ನು ನೋಡಲು. 1811ರ ಅಕ್ಟೋಬರ್ 22ರಂದು ಪಿಯಾನೋ ವಾದಕ ಫ್ರಾಂಜ್ ಲಿಸ್ಟ್ ಜನಿಸಿದ್ದು ಅಲ್ಲಿಯೇ. ಈಗ ಅದು ವಸ್ತುಸಂಗ್ರಹಾಲಯ.

ಆತ ಹುಟ್ಟಿದಾಗ ಊರು ಹಂಗೇರಿ ರಾಜ್ಯದಲ್ಲಿತ್ತು, ಮನೆಮಾತು ಜರ್ಮನ್. 1921ರಲ್ಲಿ ಊರು ಆಸ್ಟ್ರಿಯಾದ ಪಾಲಾಯಿತು. ಸಮೀಪದ ಶೋಪ್ರೋನ್ ನಗರ ಜನಮತಗಣನೆಯ ಮೂಲಕ ಹಂಗೇರಿಯಲ್ಲೇ ಉಳಿಯಿತು. ಮನೆ ಇದ್ದಲ್ಲೇ ಇದ್ದು ನಾಡು ಬದಲಾಗುವುದೆಂದರೇನೆಂದು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ತಂದೆ ಆಡಂ ಲಿಸ್ಟ್ ಎಸ್ತರ್‌ಹಾಜಿ ಅರಸುಮನೆತನದ ಕುರಿಮಂದೆಗಳ ಉಸ್ತುವಾರಿ ನೋಡುತ್ತಿದ್ದ ನೌಕರ, ಹವ್ಯಾಸದಿಂದ ಸಂಗೀತಗಾರ. ಮಗನಿಗೆ ಮೊದಲ ಪಾಠ ಹೇಳಿದವನು ಅವನೇ. 1820ರಲ್ಲಿ, ಒಂಬತ್ತರ ಬಾಲಕ ಶೋಪ್ರೋನಿನಲ್ಲಿ, ಬಳಿಕ ಪ್ರೆಸ್‌ಬುರ್ಗಿನಲ್ಲಿ, ಎಂದರೆ ಇಂದಿನ ಸ್ಲೊವಾಕಿಯಾದ ಬ್ರಾತಿಸ್ಲಾವದಲ್ಲಿ, ಕಚೇರಿ ನೀಡಿದ. ಕೇಳಿ ಮೆಚ್ಚಿದ ಶ್ರೀಮಂತರು ಅವನ ಶಿಕ್ಷಣಕ್ಕೆ ಆರು ವರ್ಷ, ವರ್ಷಕ್ಕೆ 600 ಗುಲ್ಡನ್ ಕೊಡಲೊಪ್ಪಿದರು. ಆ ಭರವಸೆಯೊಂದನ್ನೇ ನೆಚ್ಚಿ ಆಡಂ 1822ರಲ್ಲಿ ಸಂಸಾರಸಮೇತ ವಿಯೆನ್ನಾಕ್ಕೆ ಹೊರಟ. ಸಂಬಳದ ನೆಲೆಯನ್ನು ಬಿಟ್ಟು ಮಗುವಿನ ಹತ್ತು ಬೆರಳುಗಳನ್ನು ನಂಬುವುದು ಸಣ್ಣ ಸಾಹಸವಲ್ಲ.

ಅಲ್ಲಿ ಗುರುವಾಗಿ ದೊರೆತವನು ಬೀಥೋವನನ ಶಿಷ್ಯ ಕಾರ್ಲ್ ಚೆರ್ನಿ. ಹುಡುಗನ ಪ್ರತಿಭೆಗೆ ಬೆರಗಾದರೂ ದೋಷಗಳು ಅವನ ಕಣ್ಣಿಗೆ ಮರೆಯಾಗಲಿಲ್ಲ: ಬೆರಳಿಡುವುದರಲ್ಲಿ ಕ್ರಮವಿಲ್ಲ, ಲಯ ನಿಲ್ಲದು, ಆಸನದ ಮೇಲೆ ಕುಡಿದವನಂತೆ ತೂಗಾಟ. ಚೆರ್ನಿ ಮೆರೆಯುವ ಕೃತಿಗಳನ್ನು ಬದಿಗಿರಿಸಿ, ಸ್ವರಶ್ರೇಣಿಗಳನ್ನೂ ಕ್ಲೆಮೆಂತಿಯ ಸೊನಾಟಾಗಳನ್ನೂ ಮತ್ತೆ ಮತ್ತೆ ನುಡಿಸಿದ. ಬಾಲಕ ಬೇಸತ್ತ, ಗುರು ಸಡಿಲಿಸಲಿಲ್ಲ. ಸಂಜೆಗಳ ಈ ಪಾಠಕ್ಕೆ ಶುಲ್ಕವನ್ನೂ ಪಡೆಯಲಿಲ್ಲ. ಮುಂದೆ 1852ರಲ್ಲಿ ಪ್ರಕಟವಾದ ತನ್ನ ಅತಿಕಠಿಣ ಪಿಯಾನೋ ಅಭ್ಯಾಸಗಳನ್ನು ಲಿಸ್ಟ್ ಅರ್ಪಿಸಿದ್ದು ಚೆರ್ನಿಗೇ. ಸಂಯೋಜನೆಯ ಪಾಠ ಹೇಳಿದವನು ಸಾಲಿಯೇರಿ.

1823ರ ಕೊನೆಗೆ ತಂದೆಮಕ್ಕಳು ಪ್ಯಾರಿಸಿನ ಸಂಗೀತ ವಿದ್ಯಾಲಯದ ಬಾಗಿಲು ತಟ್ಟಿದರು. ಪರದೇಶಿಗಳಿಗೆ ಪ್ರವೇಶವಿಲ್ಲವೆಂಬ ನಿಯಮ ತೋರಿ ನಿರ್ದೇಶಕ ಕೆರುಬೀನಿ ನಿರಾಕರಿಸಿದ. ಆ ಕೆರುಬೀನಿಯೂ ಇಟಲಿಯ ಫ್ಲಾರೆನ್ಸಿನಲ್ಲಿ ಹುಟ್ಟಿದವನು! ನ್ಯಾಯಾಲಯಗಳಲ್ಲಿ ವಾಸಸ್ಥಳ ಪ್ರಮಾಣಪತ್ರಗಳ ನಡುವೆ ದಿನ ಕಳೆವ ನನಗೆ ಇದು ವಿಚಿತ್ರವೆನಿಸುವುದಿಲ್ಲ; ನಿಯಮವನ್ನು ಬಿಗಿಯಾಗಿ ಹಿಡಿಯುವವರು ಎಷ್ಟೋ ಸಲ ಒಮ್ಮೆ ಹೊರಗಿನವರಾಗಿದ್ದವರೇ.

ವಿದ್ಯಾಲಯ ದೊರೆಯದಿದ್ದರೂ ಕಚೇರಿಗಳು ದೊರೆತವು. 1827ರಲ್ಲಿ ತಂದೆ ಬುಲೋನ್ ಪಟ್ಟಣದಲ್ಲಿ ತೀರಿಕೊಂಡಾಗ ಮಗನಿಗೆ ಹದಿನೈದು. ತಾಯಿಯೊಡನೆ ಪ್ಯಾರಿಸಿನಲ್ಲಿ ನೆಲೆಸಿ, ಪಾಠ ಹೇಳಿ ಸಂಸಾರ ನಡೆಸಿದ.

1840ರ ಜನವರಿಯಲ್ಲಿ ಪೆಷ್ಟ್ ನಗರದಲ್ಲಿ ನಾಡಿನ ಮಗನೆಂದು ಅವನಿಗೆ ಗೌರವದ ಖಡ್ಗವನ್ನು ಅರ್ಪಿಸಲಾಯಿತು. ಹಂಗೇರಿಯನ್ ಮಾತನಾಡಲು ಬಾರದ ಲಿಸ್ಟ್ ಫ್ರೆಂಚಿನಲ್ಲಿ ಉತ್ತರಿಸಿದ. ಸಭೆ ಕರತಾಡನ ಮಾಡಿತು.